ವಿಜಯಪುರದಲ್ಲಿ ಎರಡು ದಿನ: ಯಾವುದನ್ನು ಯಾವ ಹೊತ್ತಿಗೆ ನೋಡಬೇಕು?

ಹೊಳೆಸಾಲು
ಡಿಸೆಂಬರ್ ಎರಡನೇ ವಾರ ಬೆಂಗಳೂರಿನಿಂದ ವಿಜಯಪುರಕ್ಕೆ ಹೊರಟಿದ್ದೇವೆ. ಒಟ್ಟು ಆರು ಜನ. ಇಬ್ಬರು ಎಪ್ಪತ್ತು ದಾಟಿದವರು, ಅವರಲ್ಲಿ ಒಬ್ಬರಿಗೆ ಮಂಡಿನೋವು. ಮಕ್ಕಳಿಗೆ 8 ಮತ್ತು 13 ವರ್ಷ. ಗುರುವಾರ ಸಂಜೆ ರೈಲು ಹತ್ತಿ, ಶುಕ್ರವಾರ ಮತ್ತು ಶನಿವಾರ ಊರು ನೋಡಿ, ಭಾನುವಾರ ಹತ್ತಿರದ ಒಂದು ಜಾಗಕ್ಕೆ ಹೋಗಿ ಸಂಜೆ ವಾಪಸ್ ಹೊರಡುವ ಆಲೋಚನೆ. ಸಿಗುವ ಪಟ್ಟಿಗಳೆಲ್ಲ ಗೋಲಗುಮ್ಮಟ, ಇಬ್ರಾಹಿಂ ರೋಜಾ, ದೊಡ್ಡ ತೋಪು ಅಂತ ಮೂರೇ ಹೆಸರಿಗೆ ಮುಗಿಯುತ್ತವೆ. ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಉಳಿಯಬೇಕು, ಹಿರಿಯರನ್ನು ಗುಮ್ಮಟದ ಮೇಲೆ ಹತ್ತಿಸಬಹುದೇ? ಊರು ಬಲ್ಲವರು ದಯವಿಟ್ಟು ತಿಳಿಸಿ.

ಬಿಳಿಜೋಳ
ನಮಸ್ಕಾರ್ರಿ. ಮೊದಲ ಒಂದು ಮಾತು. ಗೋಲಗುಮ್ಮಟದ ಮುಂದಿನ ಮ್ಯೂಸಿಯಂ ಶುಕ್ರವಾರ ಬಂದ್ ಇರ್ತದ. ಗುಮ್ಮಟ ತೆರೆದಿರ್ತದ, ಮ್ಯೂಸಿಯಂ ಅಷ್ಟ ಮುಚ್ಚಿರ್ತದ. ಜುಮ್ಮಾ ಮಸೀದಿನೂ ಶುಕ್ರವಾರ ಮಧ್ಯಾಹ್ನ ನಮಾಜಿಗೆ ತುಂಬಿರ್ತದ, ಆ ಹೊತ್ತಿನಾಗ ನೋಡಾಕ ಹೋಗೂದು ಸರಿ ಅಲ್ಲ. ಹಂಗಾಗಿ ಊರನ್ನ ಎರಡು ಪಾಲು ಮಾಡ್ಕೋರಿ. ಪೂರ್ವದ ಕಡಿ ಗೋಲಗುಮ್ಮಟ, ಮ್ಯೂಸಿಯಂ, ಜುಮ್ಮಾ ಮಸೀದಿ, ಮೆಹತರ ಮಹಲ್, ಆಸಾರ ಮಹಲ್. ಇವು ಶನಿವಾರಕ್ಕ ಇರ್ಲಿ. ಪಶ್ಚಿಮದ ಕಡಿ ತಾಜ್ ಬಾವಡಿ, ದೊಡ್ಡ ತೋಪು, ಉಪ್ಪಲಿ ಬುರ್ಜ್, ಇಬ್ರಾಹಿಂ ರೋಜಾ. ಇವು ಶುಕ್ರವಾರಕ್ಕ. ನಡುವಿನ ಕೋಟಿ, ಅರ್ಧಕ್ಕ ನಿಂತ ಗೋರಿ ಬಾರಾಕಮಾನ ಯಾವ ದಿನಕ್ಕಾದ್ರೂ ಹೊಂದ್ತಾವ.

ಗುಮ್ಮಟದಿಂದ ರೋಜಾಕ್ಕ ನಾಲ್ಕೈದು ಕಿಲೋಮೀಟರ್ ಅದ. ದಿನಕ್ಕ ಎರಡು ಸರ್ತಿ ಆ ಕಡಿ ಈ ಕಡಿ ಓಡಾಡಿದ್ರ ಆಟೋಕ್ಕೂ ದಂಡ, ಹಿರ್ಯಾರಿಗೂ ತ್ರಾಸ.

ಬೆಳಕಿಂಡಿ
ಈ ವಿಂಗಡಣೆಗೆ ನನ್ನದೊಂದು ತಕರಾರಿದೆ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ತಿಂಗಳು. ಶನಿವಾರ ಗೋಲಗುಮ್ಮಟಕ್ಕೆ ಬಸ್ಸುಗಳ ಮೇಲೆ ಬಸ್ಸು ಬರುತ್ತವೆ. ಒಂದು ತುದಿಯ ಪಿಸುಮಾತು ಎದುರು ತುದಿಗೆ ಕೇಳಿಸುವ ಮೇಲಿನ ಗ್ಯಾಲರಿಯಲ್ಲಿ ಐವತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಏನೂ ಕೇಳಿಸುವುದಿಲ್ಲ, ಬರೀ ಗದ್ದಲ. ಅಷ್ಟು ಎತ್ತರ ಹತ್ತಿ ಪಿಸುಮಾತು ಕೇಳದೆ ಇಳಿದು ಬಂದರೆ ಅರ್ಧ ನೋಡಿದ ಹಾಗೆ. ಜನ ಕಡಿಮೆ ಇರುವ ಶುಕ್ರವಾರವೇ ಮೇಲು. ಮ್ಯೂಸಿಯಂ ಒಂದನ್ನು ಶನಿವಾರ ನೋಡಿದರಾಯಿತು.

ರೈಲುಹಳಿ
ಶುಕ್ರವಾರ ಗುಮ್ಮಟ ತೆರೆಯುವ ಹೊತ್ತಿಗೆ ಅವರು ಇನ್ನೂ ರೈಲಿನಲ್ಲೇ ಇರುತ್ತಾರೆ, ತೊಡಕು ಇರುವುದು ಅಲ್ಲಿ. ಬೆಂಗಳೂರಿನಿಂದ ಸಂಜೆ ಹೊರಡುವ ಗಾಡಿ ವಿಜಯಪುರ ತಲುಪುವಾಗ ಬೆಳಗಾಗಿ ಸಾಕಷ್ಟು ಹೊತ್ತಾಗಿರುತ್ತದೆ. ಸ್ನಾನ, ತಿಂಡಿ ಮುಗಿಸಿ ಹೊರಡುವುದರೊಳಗೆ ಹನ್ನೊಂದು. ಗ್ಯಾಲರಿಗೆ ಅದು ಅತಿ ಕೆಟ್ಟ ಹೊತ್ತು, ವಾರ ಯಾವುದಾದರೂ ಸರಿ. ಆದ್ದರಿಂದ ಬಿಳಿಜೋಳ ಅವರು ಹೇಳಿದ್ದೇ ಸರಿ: ಶನಿವಾರ ಬೆಳಗ್ಗೆ ಗೇಟು ತೆರೆದ ಕೂಡಲೇ ಒಳಗಿರಿ. ಶಾಲಾ ಬಸ್ಸುಗಳು ಸಾಮಾನ್ಯವಾಗಿ ತಿಂಡಿ ಮುಗಿಸಿಯೇ ಬರುತ್ತವೆ.

ಇನ್ನು ರೈಲಿನ ವಿಚಾರ. ಬೆಂಗಳೂರಿನಿಂದ ಎರಡು ಗಾಡಿಗಳ ಹೆಸರು ಕಾಣುತ್ತವೆ, ಎರಡರ ಹಾದಿ ಪೂರ್ತಿ ಬೇರೆ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ (16535) ಮೈಸೂರಿನಿಂದ ಹೊರಟು ಬೆಂಗಳೂರು, ಹುಬ್ಬಳ್ಳಿ, ಗದಗ, ಬಾಗಲಕೋಟೆ ಹಾದು ಬರುತ್ತದೆ. ಬಸವ ಎಕ್ಸ್‌ಪ್ರೆಸ್ (17307) ರಾಯಚೂರು, ಕಲಬುರಗಿ, ಸೊಲ್ಲಾಪುರ ಸುತ್ತಿ ಉತ್ತರದ ಕಡೆಯಿಂದ ವಿಜಯಪುರಕ್ಕೆ ಇಳಿದು ಬಾಗಲಕೋಟೆಗೆ ಹೋಗುತ್ತದೆ. ಗೊತ್ತಿಲ್ಲದೆ ಎರಡನೆಯದನ್ನು ಹಿಡಿದವರು ರಾತ್ರಿ ಎದ್ದು ರಾಯಚೂರು ಕಂಡು ತಪ್ಪು ಗಾಡಿ ಅಂತ ಗಾಬರಿಯಾಗುವುದುಂಟು. ಎರಡೂ ಮುಟ್ಟಿಸುತ್ತವೆ, ಆದರೆ ಸುತ್ತು ಹಾದಿಯ ಗಾಡಿ ತಡವಾದರೆ ಶುಕ್ರವಾರದ ಅರ್ಧ ದಿನವೇ ಹೋಗುತ್ತದೆ.

ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಆರೂ ಜನರನ್ನು ಒಂದೇ ಟಿಕೆಟ್‌ಗೆ ಸೇರಿಸಬೇಡಿ. ಹಿರಿಯರ ಲೋವರ್ ಬರ್ತ್ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಸಿಗುವುದು ಒಂದು ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ. ಆರು ಹೆಸರು ತುಂಬಿದರೆ ಆ ಕೋಟಾ ಕೈತಪ್ಪಿ ಮಂಡಿನೋವಿನವರಿಗೆ ಅಪ್ಪರ್ ಬರ್ತ್ ಬಂದು ಕೂರುತ್ತದೆ. ಹಿರಿಯರಿಬ್ಬರಿಗೆ ಪ್ರತ್ಯೇಕ ಟಿಕೆಟ್, ಉಳಿದ ನಾಲ್ವರಿಗೆ ಇನ್ನೊಂದು. ತತ್ಕಾಲ್ ನಂಬಿ ಕೂತರೆ ಹಿಂದಿನ ದಿನ ಎಸಿಗೆ ಬೆಳಗ್ಗೆ 10, ಸ್ಲೀಪರ್‌ಗೆ 11 ಗಂಟೆ. ಆನ್‌ಲೈನ್ ತತ್ಕಾಲ್‌ಗೆ ಈಗ ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು, ಆ ಕೆಲಸವನ್ನು ಇವತ್ತೇ ಮಾಡಿಟ್ಟುಕೊಳ್ಳಿ.

ಹೊಳೆಸಾಲು
ಟಿಕೆಟ್ ಬೇರೆ ಬೇರೆ ಮಾಡುವ ವಿಷಯ ಗೊತ್ತಿರಲಿಲ್ಲ, ಧನ್ಯವಾದ. ಕಾರಿನಲ್ಲಿ ಬಂದರೆ ಹೇಗೆ?

ರೈಲುಹಳಿ
ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ 50. ಹೊಸಪೇಟೆ, ಇಳಕಲ್, ಹುನಗುಂದ, ನಿಡಗುಂದಿ ದಾಟಿ ಬರಬೇಕು. ಸುಮಾರು 520 ಕಿಲೋಮೀಟರ್, ನಿಲ್ಲುತ್ತ ಬಂದರೆ ಹತ್ತು ಗಂಟೆ ಹಿಡಿಯಿರಿ. ಹಿರಿಯರಿರುವಾಗ ಒಂದೇ ಓಟಕ್ಕೆ ಬೇಡ, ನಡುವೆ ಹೊಸಪೇಟೆಯಲ್ಲಿ ಒಂದು ರಾತ್ರಿ ಉಳಿಯುವುದು ಒಳ್ಳೆಯದು. ಎರಡೇ ದಿನ ಇರುವುದರಿಂದ ನಿಮಗೆ ರೈಲೇ ಸರಿ.

ತಂಪುನೆರಳು
ಹಿರಿಯರನ್ನು ಗುಮ್ಮಟ ಹತ್ತಿಸುವ ಬಗ್ಗೆ ಕೇಳಿದ್ದೀರಿ. ಮಂಡಿನೋವಿನವರು ಖಂಡಿತ ಬೇಡ. ಮೂಲೆಯ ಗೋಪುರದೊಳಗೆ ಸುತ್ತುವ ಕಿರಿದಾದ ಮೆಟ್ಟಿಲು, ಏಳು ಅಂತಸ್ತು. ಮೆಟ್ಟಿಲುಗಳು ಎತ್ತರ, ಅಂಚು ಸವೆದಿವೆ, ಕೆಲವು ಕಡೆ ಬೆಳಕು ಸಾಲದು. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಹೆಚ್ಚು ಪೆಟ್ಟು. ಮೇಲಿಂದ ಗುಂಪು ಇಳಿಯುವಾಗ ಎದುರಾದರೆ ಗೋಡೆಗೆ ಒತ್ತಿ ನಿಲ್ಲಬೇಕು, ನಡುವೆ ಕೂತು ಸುಧಾರಿಸಿಕೊಳ್ಳಲು ಸರಿಯಾದ ಜಾಗವಿಲ್ಲ. ಹೃದಯದ ತೊಂದರೆ, ತಲೆಸುತ್ತು ಇರುವವರಿಗೂ ಇದೇ ಮಾತು.

ಕೆಳಗೆ ಉಳಿದವರು ಬೇಸರಪಡಬೇಕಿಲ್ಲ. ನಡುವಿನ ಕಟ್ಟೆಯ ಹತ್ತಿರ ನಿಂತು ತಲೆಯೆತ್ತಿದರೆ ಕಂಬವೇ ಇಲ್ಲದ ಆ ಹಜಾರದ ಅಗಾಧತೆ ತಿಳಿಯುವುದು ಅಲ್ಲಿಯೇ. ಕಟ್ಟೆಯ ಮೇಲೆ ಕಾಣುವ ಸಮಾಧಿಗಳು ಗುರುತಿಗೆ ಮಾತ್ರ. ಗುಮ್ಮಟ ಕಟ್ಟಿಸಿದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನದೂ ಅವನ ಮನೆಯವರದೂ ನಿಜವಾದ ಗೋರಿಗಳು ನೆಲದಡಿಯ ಕೋಣೆಯಲ್ಲಿವೆ. ಉಳಿದವರು ಹತ್ತಿ ಇಳಿಯಲು ಒಂದು ಗಂಟೆಯಾದರೂ ಬೇಕು. ಆ ಹೊತ್ತಿಗೆ ನೀರಿನ ಬಾಟಲಿಯೊಂದಿಗೆ ಹಿರಿಯರು ಹೊರಗೆ ತೋಟದಲ್ಲಿ ನೆರಳು ಹಿಡಿದು ಕೂರಬಹುದು. ಗೇಟಿನಿಂದ ಕಟ್ಟಡದವರೆಗೆ ನಡಿಗೆಯೂ ಸ್ವಲ್ಪ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಬ್ರಾಹಿಂ ರೋಜಾ, ಅಂದರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ ಮತ್ತು ಮಸೀದಿ ಇರುವ ಆವರಣ, ಹಿರಿಯರಿಗೆ ಹೇಳಿ ಮಾಡಿಸಿದಂಥ ಜಾಗ. ಜಗಲಿಗೆ ಹತ್ತುವ ಕೆಲವು ಮೆಟ್ಟಿಲು ದಾಟಿದರೆ ಮುಂದೆಲ್ಲ ಸಮತಟ್ಟು, ಗೋರಿಯ ಸುತ್ತಲಿನ ಪಡಸಾಲೆಯಲ್ಲಿ ನೆರಳು. ಆದರೆ ಜಗಲಿಯ ಮೇಲೆ ಚಪ್ಪಲಿ ಇಲ್ಲ. ಕಪ್ಪು ಕಲ್ಲು ಮಧ್ಯಾಹ್ನದ ಬಿಸಿಲಿಗೆ ಡಿಸೆಂಬರ್‌ನಲ್ಲೂ ಅಂಗಾಲು ಚುರ್ ಅನ್ನಿಸುತ್ತದೆ, ಏಪ್ರಿಲ್ ಮೇ ತಿಂಗಳಲ್ಲಂತೂ ನಿಲ್ಲಲಾಗದು. ಆರು ಜನರಿಗೂ ದಪ್ಪ ಹತ್ತಿಯ ಕಾಲುಚೀಲ ಇಟ್ಟುಕೊಳ್ಳಿ.

ಕಮಾನು
ಗುಮ್ಮಟದ ಮೇಲೆ ಹೋಗುವ ಮಕ್ಕಳಿಗೆ ಇಷ್ಟು ತಿಳಿಸಿ ಕರೆದುಕೊಂಡು ಹೋಗಿ, ನೋಡುವ ಕಣ್ಣೇ ಬೇರೆಯಾಗುತ್ತದೆ.

ಕಟ್ಟಡ ಹೆಚ್ಚುಕಡಿಮೆ ಒಂದು ಘನಾಕೃತಿ, ಒಂದೊಂದು ಬದಿ ಸುಮಾರು 47.5 ಮೀಟರ್. ಅದರ ಮೇಲೆ ಅರ್ಧಗೋಳ. ಚೌಕದ ಗೋಡೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ ಅನ್ನುವುದೇ ಇಲ್ಲಿನ ಪ್ರಶ್ನೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಟ್ಟಂತೆ ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸುವ ಹಾಗೆ ಎಬ್ಬಿಸಿದ್ದಾರೆ. ಕಮಾನುಗಳು ಮೇಲೇರುತ್ತ ಒಳಕ್ಕೆ ಚಾಚಿ ಒಂದು ದುಂಡು ಕಟ್ಟೆಯಾಗುತ್ತವೆ. ಗುಮ್ಮಟ ಏಳುವುದು ಆ ಕಟ್ಟೆಯ ಅಂಚಿನಿಂದಲ್ಲ, ಸ್ವಲ್ಪ ಹಿಂದಕ್ಕೆ ಸರಿದು. ಹೀಗೆ ಅಂಚಿನಲ್ಲಿ ಉಳಿದ ಸುಮಾರು 3.25 ಮೀಟರ್ ಅಗಲದ ಜಾಗವೇ ನೀವು ನಡೆಯುವ ಗ್ಯಾಲರಿ. ನೆಲದಿಂದ ಅದು 33 ಮೀಟರ್ ಎತ್ತರದಲ್ಲಿದೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಚಾಚಿದ ಕಟ್ಟಡದ ತೂಕ ಅದನ್ನು ಹಿಡಿದಿಡುತ್ತದೆ. ಹಜಾರದ ಒಂದು ಮೂಲೆಯಲ್ಲಿ ನಿಂತು ಎದುರು ಮೂಲೆಯ ಮೇಲ್ಭಾಗ ನೋಡಿದರೆ ಕಮಾನುಗಳು ಒಂದಕ್ಕೊಂದು ಹೆಣೆದಿರುವುದು ಸ್ಪಷ್ಟವಾಗಿ ಕಾಣುತ್ತದೆ. ನಟ್ಟನಡುವೆ ನಿಂತರೆ ಅಷ್ಟು ತಿಳಿಯುವುದಿಲ್ಲ.

ಅಳತೆಯ ಬಗ್ಗೆ ಒಂದು ಮಾತು. ಎಲ್ಲ ಕಡೆ ಬರೆಯುವ 44 ಮೀಟರ್ ಹೊರಗಿನ ವ್ಯಾಸ. ಒಳಗಿನದು ಸುಮಾರು 38. ಈಗಿನ ಕಾಲದ ಕ್ರೀಡಾಂಗಣಗಳ ಚಾವಣಿ ಸೇರಿಸಿ "ಜಗತ್ತಿನಲ್ಲೇ ಎರಡನೆಯದು" ಅನ್ನುವುದರಲ್ಲಿ ಅರ್ಥವಿಲ್ಲ. 1656ರ ಹೊತ್ತಿಗೆ ಕಲ್ಲು, ಇಟ್ಟಿಗೆ, ಗಾರೆಯಲ್ಲಿ ಇಷ್ಟು ದೊಡ್ಡದನ್ನು ನಿಲ್ಲಿಸಿದರಲ್ಲ, ದೊಡ್ಡತನ ಅದು.

ಪಿಸುಮಾತು ಕೇಳುವ ಕ್ರಮ ಹೀಗೆ. ಇಬ್ಬರು ಗ್ಯಾಲರಿಯ ಎದುರುಬದುರು ತುದಿಗೆ ಹೋಗಿ. ಮಾತಾಡುವವರು ಗೋಡೆಗೆ ಮುಖ ಮಾಡಿ, ಬಾಯಿ ಗೋಡೆಗೆ ಹತ್ತಿರವಿಟ್ಟು ತಗ್ಗಿದ ದನಿಯಲ್ಲಿ ಹೇಳಬೇಕು. ಕೇಳುವವರು ಕಿವಿಯನ್ನು ಗೋಡೆಗೆ ಹಚ್ಚಬೇಕು. ಬಾಗಿದ ಗೋಡೆಯುದ್ದಕ್ಕೂ ದನಿ ಜಾರುತ್ತ ಹೋಗುವುದರಿಂದ ಗೋಡೆಯಿಂದ ದೂರ ನಿಂತವರಿಗೆ ಅದು ಸಿಗುವುದಿಲ್ಲ. ಬಹಳಷ್ಟು ಜನ ಗ್ಯಾಲರಿಯ ಕಟಾಂಜನದ ಕಡೆ ತಿರುಗಿ ಕೂಗುತ್ತಾರೆ, ಆಗ ಬರುವುದು ಪ್ರತಿಧ್ವನಿ, ಪಿಸುಮಾತಲ್ಲ. ಪ್ರತಿಧ್ವನಿ ಬೇಕಿದ್ದರೆ ಒಂದೇ ಒಂದು ಚಪ್ಪಾಳೆ ತಟ್ಟಿ ಸುಮ್ಮನಿರಿ, ಏಳಕ್ಕಿಂತ ಹೆಚ್ಚು ಸಲ ಮರಳುತ್ತದೆ. ಎರಡನೇ ಚಪ್ಪಾಳೆಯನ್ನು ಬೇಗ ತಟ್ಟಿದರೆ ಎರಡೂ ಕಲಸಿ ಎಣಿಸಲಾಗದು.

ಬೆಳಕಿಂಡಿ
ಕಮಾನು ಅವರ ವಿವರಣೆ ಓದಿದ ಮೇಲೆ ನನ್ನ ತಕರಾರು ಬಿಟ್ಟೆ, ಶನಿವಾರ ಬೆಳಗ್ಗೆಯೇ ಇರಲಿ. ಮೊದಲು ಗ್ಯಾಲರಿ, ಆಮೇಲೆ ಕೆಳಗಿನ ಹಜಾರ, ಕೊನೆಗೆ ಮ್ಯೂಸಿಯಂ. ಈ ಕ್ರಮ ಮಾತ್ರ ತಪ್ಪಿಸಬೇಡಿ. ಬೇರೆ ಜನ ಕೆಳಗೆ ಫೋಟೋ ತೆಗೆಯುತ್ತಿರುವಾಗಲೇ ನೀವು ಮೇಲಿರಬೇಕು.

ಫೋಟೋಗೆ ಬೆಳಕಿನ ಲೆಕ್ಕ: ಗೋಲಗುಮ್ಮಟದ ಮುಂಬದಿ ದಕ್ಷಿಣಕ್ಕಿದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಡಿಸೆಂಬರ್‌ನಲ್ಲಿ ಹಗಲೆಲ್ಲ ಮುಂಬದಿಗೆ ಬೆಳಕಿರುತ್ತದೆ. ಆದರೆ ಮ್ಯೂಸಿಯಂ ಇರುವ ನಗಾರಖಾನೆ ಎದುರಿಗೇ ಅಡ್ಡ ಬರುತ್ತದೆ, ಪೂರ್ತಿ ಕಟ್ಟಡ ಬೇಕಿದ್ದರೆ ಅದನ್ನು ದಾಟಿ ಒಳಗೆ ಬಂದು ಪಕ್ಕಕ್ಕೆ ಸರಿಯಿರಿ. ಇಬ್ರಾಹಿಂ ರೋಜಾದಲ್ಲಿ ಗೋರಿ ಪೂರ್ವಕ್ಕೆ, ಮಸೀದಿ ಪಶ್ಚಿಮಕ್ಕೆ, ನಡುವೆ ಕೊಳ. ಗೋರಿಯ ಮುಖಕ್ಕೆ ಸಂಜೆ ಬೆಳಕು ಬೀಳುತ್ತದೆ, ಮಸೀದಿಯ ಮುಖಕ್ಕೆ ಬೆಳಗ್ಗೆ. ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಅಲ್ಲಿ ತಲುಪಿದರೆ ಗೋರಿಯ ಮೇಲಿನ ಅಕ್ಷರದ ಕೆತ್ತನೆ ಎದ್ದು ಕಾಣುತ್ತದೆ. ಸಾದಾ ಕ್ಯಾಮೆರಾಗೆ ಶುಲ್ಕವಿಲ್ಲ, ಟ್ರೈಪಾಡ್‌ಗೆ ಅನುಮತಿ ಬೇಕು. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಬಿಳಿಜೋಳ
ಟಿಕೆಟ್ ಎರಡ ಕಡಿ ತಗೋಬೇಕು, ಗೋಲಗುಮ್ಮಟಕ್ಕೊಂದು, ರೋಜಾಕ್ಕೊಂದು. ತಲಿಗೆ 25 ರೂಪಾಯಿ, ಆನ್‌ಲೈನ್ ತಗೊಂಡ್ರ 20. ಹದಿನೈದರ ಒಳಗಿನ ಮಕ್ಕಳಿಗೆ ಇಲ್ಲ. ನಿಮಗ ನಾಲ್ಕು ಟಿಕೆಟ್ ಸಾಕು. ಮ್ಯೂಸಿಯಂಗೆ ಬ್ಯಾರೆ 5 ರೂಪಾಯಿ. ಶನಿವಾರ ಮುಂಜಾನೆ ಕ್ಯೂ ನಿಂದ್ರೂದು ತಪ್ಪಬೇಕಂದ್ರ ಹಿಂದಿನ ರಾತ್ರಿನ ಮೊಬೈಲ್‌ನ್ಯಾಗ ತಗೊಂಡು ಇಟ್ಕೋರಿ. ಅಲ್ಲೇ ನಿಂತು ಕ್ಯೂಆರ್ ಸ್ಕ್ಯಾನ್ ಮಾಡಾಕ ಹೋದ್ರ ಎಲ್ಲಾರೂ ಅದ ಮಾಡ್ತಿರ್ತಾರ, ನೆಟ್‌ವರ್ಕ್ ಕೈ ಕೊಡ್ತದ.

ಉಳಿದುಕೊಳ್ಳೂದು: ಸ್ಟೇಷನ್ ರೋಡಿನಿಂದ ಗಾಂಧಿ ಚೌಕದ ತನಕ ಎಲ್ಲಿ ಸಿಕ್ರೂ ಛಲೋ. ರೈಲ್ವೆ ಸ್ಟೇಷನ್ನು ಗುಮ್ಮಟದ ಬಾಜೂಕ ಅದ, ಗಾಂಧಿ ಚೌಕ ಊರ ನಡುವ. ಪ್ರವಾಸೋದ್ಯಮ ನಿಗಮದ ಮಯೂರ ಆದಿಲ್‌ಶಾಹಿ ಆನಂದ ಮಹಲ್ ರಸ್ತಾದಾಗ ಅದ, ಒಳಕೋಟಿ ನಡಕೊಂಡು ನೋಡಾಕ ಅನುಕೂಲ. ಬೈಪಾಸ್ ಕಡಿ ಹೊಸಾ ಹೋಟೆಲ್ ಭಾಳ ಅದಾವ, ಕಾರ್ ಇದ್ದವರಿಗೆ ಅವು. ಕೆಳಗಿನ ಮಾಳಗಿ ರೂಮು, ಇಲ್ಲಾ ಲಿಫ್ಟ್ ಅದ ಏನು ಅಂತ ಫೋನ್ ಮಾಡಿ ಕೇಳ್ರಿ. ಜನವರಿ ಸಂಕ್ರಾಂತಿ ಹೊತ್ತಿಗೆ ಬರೂ ಮಂದಿ ಈ ಮಾತು ನೆನಪಿಡ್ರಿ: ಸಿದ್ಧೇಶ್ವರ ಜಾತ್ರಿ ಇರ್ತದ, ರೂಮು ಸಿಗೂದು ಕಷ್ಟ.

ಆಟೋ: "ಊರು ತೋರಸ್ರಿ" ಅಂತ ಹತ್ತಬ್ಯಾಡ್ರಿ. ಜಾಗಾದ ಹೆಸರು ಒಂದೊಂದಾಗಿ ಹೇಳಿ, ಕಾಯೂ ಹೊತ್ತು ಹೇಳಿ, ಒಟ್ಟು ರೊಕ್ಕಾ ಮಾತಾಡಿ ಹತ್ರಿ. ಹೆಸರು ಹೇಳಲಿಲ್ಲ ಅಂದ್ರ ತಾಜ್ ಬಾವಡಿ, ಜೋಡಗುಮ್ಮಟ ಬಿಟ್ಟ ಹೋಗ್ತಾವ. ಆರು ಮಂದಿಗೆ ಎರಡು ಆಟೋ ಬೇಕಾಗ್ತಾವ, ಅದಕ್ಕ ಒಂದು ದೊಡ್ಡ ಗಾಡಿ ಅರ್ಧ ದಿನಕ್ಕ ಮಾಡ್ಕೊಂಡ್ರ ಛಲೋ.

ಹೊಳೆಸಾಲು
ಶುಕ್ರವಾರದ ಪಶ್ಚಿಮ ಭಾಗವನ್ನು ಯಾವ ಸಾಲಿನಲ್ಲಿ ನೋಡಬೇಕು? ಅಲ್ಲಿ ಏನನ್ನು ಗಮನಿಸಬೇಕು?

ಕಮಾನು
ಹನ್ನೊಂದಕ್ಕೆ ಹೊರಟರೆ ಮೊದಲು ಒಳಕೋಟೆ. ಗಗನ ಮಹಲ್ 1561ರಲ್ಲಿ ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ್ದು. ಈಗ ಉಳಿದಿರುವುದರಲ್ಲಿ ಮುಖ್ಯವಾದದ್ದು ನಡುವಿನ ಭಾರಿ ಕಮಾನು. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್‌ನನ್ನು ಬೆಳ್ಳಿಯ ಸರಪಳಿ ತೊಡಿಸಿ ಔರಂಗಜೇಬನ ಮುಂದೆ ನಿಲ್ಲಿಸಿದ್ದು ಇಲ್ಲೇ ಅನ್ನುತ್ತಾರೆ. ಪಕ್ಕದ ಸಾತ್ ಮಂಜಿಲ್, ಎದುರಿನ ಪುಟ್ಟ ಜಲ ಮಂಜಿಲ್ ನಡಿಗೆಯ ಅಳತೆಯಲ್ಲಿವೆ. ಮುಕ್ಕಾಲು ಗಂಟೆ ಸಾಕು.

ಊಟ ಮುಗಿಸಿ ಜೋಡಗುಮ್ಮಟ, ಆಮೇಲೆ ತಾಜ್ ಬಾವಡಿ, ಅಲ್ಲಿಂದ ಶೇರ್ಜಾ ಬುರ್ಜಿನ ಮೇಲಿನ ಮಲಿಕ್-ಎ-ಮೈದಾನ್, ಅಂದರೆ ಆ ದೊಡ್ಡ ತೋಪು. ತೋಪನ್ನು ದೂರದಿಂದ ನೋಡಿ ಹೊರಡಬೇಡಿ. ಬಾಯಿಯ ಎರಡೂ ಪಕ್ಕ ನೋಡಿ, ಬಾಯಿ ತೆರೆದ ಸಿಂಹದ ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ಪರಾಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ತಂದರು. ಉದ್ದ ಸುಮಾರು 4.45 ಮೀಟರ್, ತೂಕ ಸುಮಾರು 55 ಟನ್. ಎರಕ ಹೊಯ್ದವನ ಶಾಸನದ ಜೊತೆಗೇ ಔರಂಗಜೇಬ ತನ್ನ ಗೆಲುವಿನ ಶಾಸನವನ್ನೂ ಇದರ ಮೇಲೆ ಕೊರೆಸಿದ್ದಾನೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯ ದನಿ ಬರುತ್ತದೆ, ಕಲ್ಲಿನಿಂದ ಬಡಿಯಬೇಡಿ. ಹಾಗೆ ಬಡಿದರೆ ಶಾಸನದ ಅಕ್ಷರ ಸವೆಯುತ್ತದೆ.

ಮೂರೂವರೆಯಿಂದ ಐದರವರೆಗೆ ಇಬ್ರಾಹಿಂ ರೋಜಾ. ಅವಸರ ಬೇಡ. ಕಿಟಕಿಗಳ ಜಾಲಂಧ್ರ ನೋಡಿ, ಅಕ್ಷರಗಳೇ ಜಾಲವಾಗಿವೆ. ಅಕ್ಷರಗಳ ನಡುವಿನ ಕಲ್ಲು ತೆಗೆದು ಬೆಳಕು ಬಿಟ್ಟಿದ್ದಾರೆ. ಇಡೀ ಊರಿನಲ್ಲಿ ಕೈಕೆಲಸದ ಸೂಕ್ಷ್ಮಕ್ಕೆ ಇದಕ್ಕೆ ಸಮನಾದದ್ದಿಲ್ಲ ಅಂತ ನನ್ನ ಅಭಿಪ್ರಾಯ. ಗೋಲಗುಮ್ಮಟ ಬೆರಗು ಹುಟ್ಟಿಸುತ್ತದೆ, ರೋಜಾ ಕೂತು ನೋಡುವಂಥದ್ದು. ಅಂಥದ್ದಕ್ಕೆ ಇಪ್ಪತ್ತೇ ನಿಮಿಷ ಕೊಟ್ಟು ಹೋಗುವವರನ್ನು ಕಂಡರೆ ಸಂಕಟವಾಗುತ್ತದೆ.

ರೋಜಾದಿಂದ ಹಿಂದಿರುಗುತ್ತ ಸೂರ್ಯ ಇಳಿಯುವ ಮುಂಚೆ ಉಪ್ಪಲಿ ಬುರ್ಜ್. 1584ರದ್ದು, 24 ಮೀಟರ್ ಎತ್ತರ, ಮೆಟ್ಟಿಲು ಹೊರಮೈಯನ್ನು ಸುತ್ತಿಕೊಂಡು ಏರುತ್ತದೆ. ಮೇಲೆ ಎರಡು ಉದ್ದನೆಯ ತೋಪುಗಳಿವೆ, ಗೋಲಗುಮ್ಮಟದಿಂದ ರೋಜಾದವರೆಗೆ ಊರಿನ ಎಲ್ಲ ಶಿಖರಗಳೂ ಕಾಣುತ್ತವೆ. ಗಾಳಿ ಜೋರು, ಚಿಕ್ಕವರ ಕೈ ಹಿಡಿದುಕೊಳ್ಳಿ. ಮಂಡಿನೋವಿನವರು ಕೆಳಗೇ ಇರಲಿ.

ತಂಪುನೆರಳು
ಜೋಡಗುಮ್ಮಟ ಗುರುವಾರ ದರ್ಗಾಕ್ಕೆ ಬರುವ ಭಕ್ತರಿಂದ ತುಂಬಿರುತ್ತದೆ, ಶುಕ್ರವಾರ ಮಧ್ಯಾಹ್ನವೂ ನಮಾಜಿನ ಹೊತ್ತು ಬಿಟ್ಟು ಹೋಗಿ. ತಲೆಗೆ ಹೊದೆಯಲು ಒಂದು ಬಟ್ಟೆ ಎಲ್ಲರ ಬಳಿಯೂ ಇರಲಿ. ಆಸಾರ ಮಹಲ್‌ನ ಬಗ್ಗೆ ಮೊದಲೇ ತಿಳಿದಿರಿ: 1646ರ ಸುಮಾರಿಗೆ ನ್ಯಾಯಸಭೆಯಾಗಿ ಕಟ್ಟಿದ ಈ ಕಟ್ಟಡದಲ್ಲಿ ಪ್ರವಾದಿಯವರ ಕೂದಲೆಳೆಗಳನ್ನು ಕಾಪಾಡಿಟ್ಟಿದ್ದಾರೆ ಎಂಬ ನಂಬಿಕೆಯಿದೆ, ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ಮುಂದಿನ ಕೊಳ ಮತ್ತು ಎತ್ತರದ ಮರದ ಕಂಬಗಳನ್ನು ಹೊರಗಿನಿಂದ ನೋಡಬಹುದು. ಬಾಗಿಲ ಬಳಿ ಹೋಗಿ ಮುಜುಗರಪಡುವುದಕ್ಕಿಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಶೌಚಾಲಯವನ್ನು ಗೋಲಗುಮ್ಮಟ ಮತ್ತು ರೋಜಾ ಆವರಣದಲ್ಲೇ ಬಳಸಿಕೊಂಡು ಹೊರಡಿ. ಬೇರೆ ಕಡೆ ನಂಬಿಕೊಳ್ಳಬೇಡಿ.

ಬಾವಿಕಟ್ಟೆ
ಎಲ್ಲರೂ ಗುಮ್ಮಟದ ಬಗ್ಗೆಯೇ ಬರೆದಿದ್ದೀರಿ, ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಹೊಳೆಯಿಲ್ಲದ ಬಯಲಿನಲ್ಲಿ ಇಷ್ಟು ದೊಡ್ಡ ರಾಜಧಾನಿ ಬದುಕಿದ್ದು ನೀರಿನ ಏರ್ಪಾಟಿನಿಂದ. ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿಯ ಸುರಂಗ, ಅದರ ಮೇಲೆ ಅಲ್ಲಲ್ಲಿ ಗಾಳಿಬಾವಿಗಳು. ದಕ್ಷಿಣದಲ್ಲಿ 1651ರಲ್ಲಿ ಮೊಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಲಾಬ್, ಅಲ್ಲಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು. ಊರಿನಲ್ಲಿ ಓಡಾಡುವಾಗ ರಸ್ತೆ ಬದಿಯಲ್ಲಿ ಒಂಟಿಯಾಗಿ ನಿಂತ ಚೌಕನೆಯ ಕಲ್ಲಿನ ಗೋಪುರಗಳು ಕಾಣುತ್ತವೆ, ಕಾವಲು ಗೋಪುರ ಅಂತ ಅನೇಕರು ತಿಳಿಯುತ್ತಾರೆ. ಅವು ಗಂಜ್‌ಗಳು. ಕೊಳವೆಯ ನೀರು ಅವುಗಳಲ್ಲಿ ಮೇಲೇರಿ ಇಳಿಯುತ್ತಿತ್ತು. ಒತ್ತಡ ತಗ್ಗಿ ಮಣ್ಣಿನ ಕೊಳವೆ ಒಡೆಯುತ್ತಿರಲಿಲ್ಲ, ಕೆಸರೂ ತಳದಲ್ಲಿ ಕೂರುತ್ತಿತ್ತು. 13 ವರ್ಷದ ಮಗುವಿಗೆ ಇದನ್ನು ತೋರಿಸಿ, ವಿಜ್ಞಾನದ ಪಾಠ ಅಲ್ಲೇ ಇದೆ.

ತಾಜ್ ಬಾವಡಿ ಎರಡನೇ ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಿನದು, 1620ರದ್ದು. ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರೇ ಇಬ್ರಾಹಿಂ ರೋಜಾದ ಕಟ್ಟಡಕ್ಕೂ ಸೇರಿದೆ. ಆದ್ದರಿಂದ ಎರಡನ್ನೂ ಒಂದೇ ದಿನ ನೋಡುವುದು ಸರಿಯಾಗಿದೆ. ನೀರಿಗೆ ಇಳಿಯುವ ಬಾಗಿಲು ಮುಚ್ಚಿದ್ದರೆ ಕಮಾನಿನ ಕೆಳಗೆ ನಿಂತೇ ಪೂರ್ತಿ ಬಾವಿ ಕಾಣುತ್ತದೆ. ಮೆಟ್ಟಿಲಿಗೆ ಇಳಿಯಬೇಡಿ, ಪಾಚಿ ಹಿಡಿದಿರುತ್ತದೆ.

ಒಗ್ಗರಣೆ
ಊಟಕ್ಕೆ ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಸೌತೆ ಮೂಲಂಗಿ. ಮಧ್ಯಾಹ್ನ ಒಂದರಿಂದ ಎರಡರೊಳಗೆ ಹೋದರೆ ಬಿಸಿ ರೊಟ್ಟಿ ಸಿಗುತ್ತದೆ, ಮೂರರ ಮೇಲೆ ಪಲ್ಯ ಮುಗಿದು ಕಟಕ್ ರೊಟ್ಟಿ ಉಳಿದಿರುತ್ತದೆ. ಹಿರಿಯರಿಗೆ ಮೆತ್ತನೆಯ ರೊಟ್ಟಿಯೇ ಬೇಕು ಅಂತ ಮೊದಲೇ ಹೇಳಿ. ಖಾರ ತಡೆಯದ ಮಕ್ಕಳಿಗೆ ಹಿಂಡಿಯ ಮೇಲೆ ಮೊಸರು ಅಥವಾ ಎಣ್ಣೆ ಹಾಕಿ ಕಲಸಿ ಕೊಡಬೇಕು, ಬರೀ ಹಿಂಡಿ ಬೇಡ. ಊರಿಗೆ ಒಯ್ಯಲು ಒಣದ್ರಾಕ್ಷಿ ಒಳ್ಳೆಯದು, ಜಿಲ್ಲೆಯೇ ದ್ರಾಕ್ಷಿ ಬೆಳೆಯುವ ನೆಲ. ಹಸಿ ದ್ರಾಕ್ಷಿಗೆ ಫೆಬ್ರವರಿ ಮಾರ್ಚ್ ಬರಬೇಕು, ಡಿಸೆಂಬರ್‌ನಲ್ಲಿ ಸಿಗುವ ಒಣದ್ರಾಕ್ಷಿ ಹಿಂದಿನ ಸುಗ್ಗಿಯದು. ಒಂದೆರಡು ಕಾಳು ಬಾಯಿಗೆ ಹಾಕಿ ನೋಡಿ ಕೊಳ್ಳಿ. ಅಂಟಂಟಾಗಿ ಉಂಡೆಗಟ್ಟಿದ್ದರೆ ತೇವ ಹಿಡಿದಿದೆ ಅಂತ ಅರ್ಥ.

ಹೊಳೆಸಾಲು
ಬಾರಾಕಮಾನ ಎಲ್ಲಿ ಸೇರಿಸಲಿ? ಗೈಡ್ ಬೇಕೇ?

ಬಿಳಿಜೋಳ
ಶನಿವಾರ ಜುಮ್ಮಾ ಮಸೀದಿ, ಮೆಹತರ ಮಹಲ್ ಮುಗಿಸಿ, ಊಟ ಮಾಡಿ, ವಿಶ್ರಾಂತಿ ತಗೊಂಡು ಸಂಜೀಮುಂದ ಬಾರಾಕಮಾನಕ್ಕ ಬರ್ರಿ. ಗಾಂಧಿ ಚೌಕದಿಂದ ಸನೇಹ. ಹುಲ್ಲಿನ ಮ್ಯಾಲ ಕೂತು ಕಮಾನು ನೋಡಬಹುದು, ಹಿರ್ಯಾರಿಗೆ ಹತ್ತೂ ಮೆಟ್ಟಿಲೂ ಹೆಚ್ಚಿಲ್ಲ.

ಕಮಾನು
ಗೋಲಗುಮ್ಮಟಕ್ಕೆ ಒಬ್ಬ ಗೈಡ್ ಸಾಕು. ಗುರುತಿನ ಚೀಟಿ ಇರುವವರನ್ನು, ಕನ್ನಡದಲ್ಲಿ ಹೇಳುವವರನ್ನು ಕೇಳಿ. ದುಡ್ಡು ಮತ್ತು ಹೊತ್ತು ಎರಡನ್ನೂ ಮೊದಲೇ ಮಾತಾಡಿ, ಮೇಲಿನ ಗ್ಯಾಲರಿಗೂ ಬರುತ್ತಾರೋ ಕೆಳಗಷ್ಟೇ ಹೇಳುತ್ತಾರೋ ಖಚಿತ ಮಾಡಿಕೊಳ್ಳಿ.

ಬಾರಾಕಮಾನದ ಬಗ್ಗೆ ಒಂದು ಕಥೆ ಕೇಳಿಸುತ್ತಾರೆ: ಮಗನ ಗೋರಿ ತನ್ನ ಗುಮ್ಮಟವನ್ನು ಮೀರಿಸುತ್ತದೆಂದು ತಂದೆಯೇ ಅವನನ್ನು ಕೊಲ್ಲಿಸಿದ, ಅದಕ್ಕೇ ಅರ್ಧಕ್ಕೆ ನಿಂತಿತು ಅಂತ. ಇಸವಿ ನೋಡಿದರೆ ಇದು ನಿಲ್ಲುವುದಿಲ್ಲ. ತಂದೆ ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಮಗ ಎರಡನೇ ಅಲಿ ಪಟ್ಟಕ್ಕೆ ಬಂದದ್ದೇ ಆಗ, 1672ರವರೆಗೆ ಆಳಿದ. ಅವನ ನಂತರ ಕೂತದ್ದು ಚಿಕ್ಕ ಹುಡುಗ ಸಿಕಂದರ್, ಸರದಾರರ ಕಿತ್ತಾಟ, ಹದಿನಾಲ್ಕು ವರ್ಷದಲ್ಲಿ ರಾಜ್ಯವೇ ಹೋಯಿತು. ಆ ಕಾಲದಲ್ಲಿ ಅಷ್ಟು ದೊಡ್ಡ ಗೋರಿಯನ್ನು ಮುಗಿಸುವವರು ಯಾರು? ಅರ್ಧಕ್ಕೆ ನಿಂತ ಆ ಕಪ್ಪು ಕಮಾನುಗಳು ರಾಜ್ಯ ಕುಸಿದದ್ದನ್ನೇ ಹೇಳುತ್ತವೆ. ಮಕ್ಕಳಿಗೆ ಈ ನಿಜವನ್ನೇ ಹೇಳಿ.

ರೈಲುಹಳಿ
ಜುಮ್ಮಾ ಮಸೀದಿಯಲ್ಲಿ ನೆಲವನ್ನು ಗಮನಿಸಿ, ನಮಾಜಿಗೆ ಒಬ್ಬೊಬ್ಬರಿಗೆ ಒಂದೊಂದರಂತೆ 2,250 ಚೌಕ ಗುರುತಿಸಿದ್ದಾರೆ. ಮೆಹತರ ಮಹಲ್ ಹೆಸರಿಗೆ ಮಹಲ್, ನಿಜಕ್ಕೂ ಒಳಗಿನ ಮಸೀದಿಯ ಬಾಗಿಲುಮಾಡ. ಮುಂಚಾಚಿದ ಕಿಟಕಿಯ ಕೆಳಗಿನ ಕಲ್ಲಿನ ಚಾಚುಪೀಠಗಳನ್ನು ನೋಡದೆ ಬರಬೇಡಿ, ಮರಗೆಲಸದಷ್ಟು ಸಣ್ಣ ಕೆತ್ತನೆ. ಕಿರಿದಾದ ರಸ್ತೆ, ಗಾಡಿ ನಿಲ್ಲಿಸಲು ಜಾಗವಿಲ್ಲ, ಇಳಿದು ನೋಡಿ ಮುಂದೆ ನಡೆಯಿರಿ.

ಸಿಟಿ ಬಸ್‌ನಲ್ಲಿ ಓಡಾಡುವುದಾದರೆ ರಾಜ್ಯದ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗುತ್ತದೆ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ಸ್ಲೀಪರ್, ರಾಜಹಂಸ, ಎಸಿ ಬಸ್ಸುಗಳಿಗೆ ಅದು ನಡೆಯುವುದಿಲ್ಲ.

ಹೊಳೆಸಾಲು
ಕೊನೆಯದಾಗಿ ಭಾನುವಾರ. ಕೂಡಲಸಂಗಮವೋ, ಕುಮಟಗಿಯೋ?

ಬಾವಿಕಟ್ಟೆ
ಸಂಜೆ ರೈಲು ಹಿಡಿಯಬೇಕಾದವರಿಗೆ ಕುಮಟಗಿ. ಸಿಂದಗಿ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿನೊಳಗೆ. ಆದಿಲ್ ಶಾಹಿಗಳ ಬೇಸಿಗೆಯ ವಿಹಾರದ ಜಾಗ, ಕೊಳದ ನಡುವೆ ಮಂಟಪ, ನೀರನ್ನು ಎತ್ತರದ ತೊಟ್ಟಿಗೆ ಏರಿಸಿ ಕೊಳವೆಯಲ್ಲಿ ಇಳಿಸಿ ಕಾರಂಜಿ ಚಿಮ್ಮಿಸುತ್ತಿದ್ದ ವ್ಯವಸ್ಥೆಯ ಕುರುಹುಗಳಿವೆ. ಗೋಡೆಯ ಮೇಲಿನ ಚಿತ್ರಗಳು ಬಹಳ ಮಾಸಿವೆ, ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಹೊಂದಿಕೊಳ್ಳುವವರೆಗೆ ನಿಂತು ನೋಡಿದರೆ ಕುದುರೆ ಸವಾರರು ಕಾಣಿಸುತ್ತಾರೆ. ಮುಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ಅಲ್ಲಿ ತಿಂಡಿ ನೀರು ಸಿಗುತ್ತದೆಂದು ನೆಚ್ಚಿಕೊಳ್ಳದೆ ಊರಿನಿಂದಲೇ ಒಯ್ಯಿರಿ. ಹೋಗಿ ಬರಲು ಮೂರು ಗಂಟೆ ಸಾಕು.

ತಂಪುನೆರಳು
ಕೂಡಲಸಂಗಮ ಸುಮಾರು 70 ಕಿಲೋಮೀಟರ್. ದಾರಿಯಲ್ಲಿ ಬಸವನಬಾಗೇವಾಡಿ, ಆಲಮಟ್ಟಿ ಸೇರಿಸಿದರೆ ಪೂರ್ತಿ ದಿನ ಬೇಕು. ಅಲ್ಲದೆ ಬಸವಣ್ಣನವರ ಐಕ್ಯಮಂಟಪಕ್ಕೆ ಬಾವಿಯಂಥ ಕಟ್ಟಡದೊಳಗೆ ಮೆಟ್ಟಿಲಿಳಿದು ಹೋಗಬೇಕು, ಮಂಡಿನೋವಿನವರಿಗೆ ಕಷ್ಟ. ರೈಲಿನ ಬದಲು ಕಾರಿನಲ್ಲಿ ಬರುವವರು ಬೆಂಗಳೂರಿಗೆ ಮರಳುವಾಗ ನೋಡಿಕೊಂಡು ಹೋಗಲಿ, ಹೆದ್ದಾರಿಯಿಂದ ಹೆಚ್ಚು ಒಳಗಿಲ್ಲ.

ಬಿಳಿಜೋಳ
ರೂಮು ಮಾಡೂವಾಗ ಒಂದು ಕೇಳ್ರಿ: ಚೆಕ್-ಔಟ್ ಇಪ್ಪತ್ನಾಲ್ಕು ತಾಸಿನ ಲೆಕ್ಕಾ ಏನು, ಮಧ್ಯಾಹ್ನ ಹನ್ನೆರಡರ ಲೆಕ್ಕಾ ಏನು ಅಂತ. ನೀವು ಶುಕ್ರವಾರ ಮುಂಜಾನೆ ಬರ್ತೀರಿ, ಭಾನುವಾರ ಸಂಜೀಕ ಹೊಂಡ್ತೀರಿ. ಹನ್ನೆರಡರ ಲೆಕ್ಕದ ಲಾಡ್ಜ್ ಆದ್ರ ಬರೂ ದಿನ ಮುಂಜಾನೆ ರೂಮು ಖಾಲಿ ಇರಂಗಿಲ್ಲ, ಹೋಗೂ ದಿನ ಕುಮಟಗಿಯಿಂದ ಬರೂದ್ರೊಳಗ ಹೊತ್ತು ಮೀರ್ತದ. ಹಂಗಿದ್ರ ಭಾನುವಾರ ಮುಂಜಾನೆನ ಒಂದು ರೂಮು ಇಟ್ಕೊಂಡು ಇನ್ನೊಂದು ಬಿಟ್ಟುಬಿಡ್ರಿ. ಸಾಮಾನೂ ಇರ್ತದ, ಹಿರ್ಯಾರು ಗಾಡಿ ಹೊತ್ತಿನ ತನಕ ಅಡ್ಡ ಆಗಾಕೂ ಜಾಗಾ ಆಗ್ತದ.